ಹರಿವಿನ ಗೆರೆ: ಜಲಮಾಲಿನ್ಯ ಮತ್ತು ಕೃತಕ ಬುದ್ಧಿಮತ್ತೆ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ವಿದ್ಯಾರ್ಥಿ ಫಲಿತಾಂಶ ತೋರಿಸಲು ಬಂದರೆ, ನೀರನ್ನು ಎಲ್ಲಿ, ಎಷ್ಟು ಹೊತ್ತಿಗೆ ಹಿಡಿದೆ ಎಂದು ಮೊದಲು ಕೇಳುತ್ತಿದ್ದರಂತೆ. ಅಂಥವರ ಹೆಸರಿನಲ್ಲಿ ಮಾತನಾಡಲು ಕರೆದಿರಿ. ಇದು ನನಗೆ ಸಂದ ದೊಡ್ಡ ಗೌರವ. ನನ್ನ ಮಾತೂ ಅವರ ಆ ಪ್ರಶ್ನೆಯ ಜಾಡಿನಲ್ಲೇ ಸಾಗುತ್ತದೆ.

ಉಪಗ್ರಹ ಚಿತ್ರಗಳಿಂದ ಕೆರೆಯ ಪಾಚಿ ಗುರುತಿಸುವುದು, ಸೇತುವೆಗೆ ಕಟ್ಟಿದ ಕ್ಯಾಮೆರಾ ತೇಲುವ ಪ್ಲಾಸ್ಟಿಕ್ಕನ್ನು ಎಣಿಸುವುದು, ಕಂಪ್ಯೂಟರು ಹಳೆಯ ಅಂಕಿಗಳಿಂದ ಕಲಿಯುವ ಬಗೆ, ಇವನ್ನೆಲ್ಲ ಈಗ ಯಾವ ವಿಜ್ಞಾನ ಪತ್ರಿಕೆಯಲ್ಲಾದರೂ ಓದಬಹುದು. ಅವನ್ನು ಇಲ್ಲಿ ಬಿಡುತ್ತೇನೆ. ನಮ್ಮ ಕ್ಷೇತ್ರದಲ್ಲಿ ಇನ್ನೂ ಬಗೆಹರಿಯದ ಒಂದು ವಾದಕ್ಕೆ ಉಳಿದ ಸಮಯವೆಲ್ಲ ಬೇಕು.

ವಾದ ಬಿಒಡಿಯ ಬಗ್ಗೆ. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಅರಗಿಸಲು ಬೇಕಾಗುವ ಆಮ್ಲಜನಕದ ಅಳತೆ ಅದು. ನಮ್ಮ ಪ್ರಯೋಗಾಲಯಗಳಲ್ಲಿ ಬಾಟಲಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟು ಅಳೆಯುತ್ತೇವೆ. ಸ್ನಾನಕ್ಕೆ ಯೋಗ್ಯ ಎನ್ನಬೇಕಾದರೆ ನದಿ ನೀರಿನ ಬಿಒಡಿ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಫಲಿತಾಂಶ ಕೈಗೆ ಬರುವಷ್ಟರಲ್ಲಿ ಆ ನೀರು ಎಷ್ಟೋ ದೂರ ಹೋಗಿರುತ್ತದೆ. ಹಾಗಾಗಿ ನನ್ನ ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ: ಪಿಎಚ್, ವಿದ್ಯುದ್ವಾಹಕತೆ, ಬಗ್ಗಡ, ಕರಗಿದ ಆಮ್ಲಜನಕ ಇವನ್ನು ಸೆನ್ಸರ್ ಕ್ಷಣದಲ್ಲಿ ಅಳೆಯುತ್ತದೆ, ಅವುಗಳಿಂದ ಬಿಒಡಿ ಎಷ್ಟಿರಬೇಕೆಂದು ಕಂಪ್ಯೂಟರ್ ಮಾಡೆಲ್ ಊಹಿಸುತ್ತದೆ, ಇನ್ನು ಬಾಟಲಿ ಹಿಡಿದು ನದಿಗಿಳಿಯುವವರು ಯಾಕೆ ಬೇಕು?

ಬೇಕು ಎಂಬುದೇ ನನ್ನ ನಿಲುವು. ಬೆಂಗಳೂರಿನ ವೃಷಭಾವತಿಯನ್ನೇ ನೋಡಿ. ಬಸವನಗುಡಿಯ ಬಳಿ ಹುಟ್ಟಿದ ಹೊಳೆ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಪಕ್ಕದಲ್ಲಿ, ಕೆಂಗೇರಿಯ ಮೇಲೆ ಹರಿದು ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ, ಕಾವೇರಿ. ನಗರದ ಕೊಳಚೆ, ಕಾರ್ಖಾನೆಗಳ ಬಣ್ಣದ ನೀರು, ಮಳೆನೀರು ಮೂರೂ ಒಂದೇ ಪಾತ್ರದಲ್ಲಿ. ಇಂಥ ಹೊಳೆಯಿಂದ ಸ್ಯಾಂಪಲ್ ತೆಗೆಯುವುದು ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಅದೂ ಕಚೇರಿ ವೇಳೆಯಲ್ಲಿ. ಕದ್ದು ಕೊಳಕು ಬಿಡುವವರು ಕಚೇರಿ ವೇಳೆಗೆ ಕಾಯುವುದಿಲ್ಲ. ಹಗಲಿನ ಅಂಕಿಗಳನ್ನಷ್ಟೇ ಕಲಿತ ಮಾಡೆಲ್ ರಾತ್ರಿ ಎರಡು ಗಂಟೆಗೂ ಹಗಲಿನ ಹೊಳೆಯನ್ನೇ ತೋರಿಸುತ್ತದೆ. ಪ್ರಬಂಧಗಳಲ್ಲಿ ಊಹೆಗೂ ಪ್ರಯೋಗಾಲಯದ ಅಂಕಿಗೂ ತಾಳೆ ಚೆನ್ನಾಗಿಯೇ ಬರುತ್ತದೆ, ಯಾಕೆಂದರೆ ಪರೀಕ್ಷೆಗಿಟ್ಟದ್ದೂ ಹಗಲಿನ ಸ್ಯಾಂಪಲ್ಲೇ. ಎಲ್ಲಿ, ಎಷ್ಟು ಹೊತ್ತಿಗೆ ಎಂಬ ಮೇಷ್ಟ್ರ ಪ್ರಶ್ನೆಯನ್ನು ಈ ಪ್ರಬಂಧಗಳಿಗೆ ಕೇಳಲೇಬೇಕು.

ಇನ್ನೊಂದು ತೊಡಕು ರಸಾಯನಶಾಸ್ತ್ರದ್ದು. ಕಾರ್ಖಾನೆಗಳ ಹೊರಗಂಡಿಯಲ್ಲಿ ಕೂರಿಸುವ ಹಲವು ಉಪಕರಣಗಳು ಬಿಒಡಿಯನ್ನು ನೇರವಾಗಿ ಅಳೆಯುವುದಿಲ್ಲ. 254 ನ್ಯಾನೋಮೀಟರ್ ಆಸುಪಾಸಿನ ಅತಿನೇರಳೆ ಬೆಳಕನ್ನು ನೀರು ಎಷ್ಟು ಹೀರುತ್ತದೆಂದು ನೋಡಿ ಲೆಕ್ಕ ಹಾಕುತ್ತವೆ. ಉಂಗುರ ರಚನೆಯ ಸಾವಯವ ವಸ್ತುಗಳು ಈ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಸಕ್ಕರೆ, ಮದ್ಯಸಾರ ಹೀರುವುದಿಲ್ಲವೆಂದೇ ಹೇಳಬೇಕು. ಆದರೆ ನದಿಯ ಆಮ್ಲಜನಕವನ್ನು ಬೇಗ ಮುಗಿಸುವುದು ಅವೇ. ಕಬ್ಬು ಅರೆಯುವ ನಾಡಿನಲ್ಲಿ ಇದನ್ನು ಮರೆತು ಮಾಡೆಲ್ ಕಟ್ಟುವುದು ಸರಿಯಲ್ಲ.

ಮೂರನೆಯದು ಕಾನೂನು. 1974ರ ಜಲ ಕಾಯ್ದೆಯ 21ನೇ ಕಲಂ ಸ್ಯಾಂಪಲ್ ತೆಗೆಯುವ ವಿಧಾನವನ್ನು ಹೇಳುತ್ತದೆ: ಕಾರ್ಖಾನೆಯವರಿಗೆ ನೋಟಿಸ್ ಕೊಡಬೇಕು, ನೀರನ್ನು ಎರಡು ಪಾಲು ಮಾಡಬೇಕು, ಮೊಹರು ಹಾಕಿ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಬಾಟಲಿಯನ್ನೇ ಕೈಬಿಟ್ಟು ಊಹೆಯನ್ನು ಹಿಡಿದುಕೊಂಡರೆ ಮಾಲಿನ್ಯ ಮಾಡಿದವನಿಗೆ ಅನುಕೂಲ.

ಊಹೆಗೆ ಅದರದೇ ಜಾಗವಿದೆ, ಅದನ್ನು ಒಪ್ಪುತ್ತೇನೆ. ಪಡುಬಿದ್ರಿ, ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಕಡಲ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದೆಯೇ ಎಂದು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು ಸುಮಾರು ಒಂದು ದಿನ ಬೇಕು. ಅಷ್ಟರಲ್ಲಿ ಮಕ್ಕಳು ಈಜಿ ಮನೆಗೆ ಹೋಗಿರುತ್ತಾರೆ. ಅಮೆರಿಕದ ಒಹಾಯೊ ರಾಜ್ಯದ ಕೆರೆತೀರಗಳಲ್ಲಿ ಮಳೆ, ಬಗ್ಗಡ, ಅಲೆಯ ಎತ್ತರ ನೋಡಿ ಅಂದಿನ ನೀರಿನ ಮುನ್ಸೂಚನೆ ಕೊಡುವ ಪದ್ಧತಿ ಬಹುಕಾಲದಿಂದ ಇದೆ. ನಮ್ಮ ಕರಾವಳಿಗೂ ಅಂಥದ್ದು ಬರಲಿ. ಆದರೆ ಇಂದು ನೀರಿಗಿಳಿಯಬೇಡಿ ಎಂದು ಎಚ್ಚರಿಸುವುದು ಬೇರೆ, ಕೊಳಕು ಬಿಟ್ಟವನನ್ನು ಹಿಡಿಯುವುದು ಬೇರೆ.

ಎದುರು ಪಕ್ಷದವರು ಅಮೆರಿಕದ ಸೌತ್ ಬೆಂಡ್ ನಗರವನ್ನೂ ಮುಂದೆ ತರುತ್ತಾರೆ. ಅಲ್ಲಿ ಚರಂಡಿಗಳಲ್ಲಿ ನೂರಕ್ಕೂ ಹೆಚ್ಚು ಸೆನ್ಸರ್ ಹಾಕಿ, ಯಾವ ಕೊಳವೆಯಲ್ಲಿ ಜಾಗವಿದೆಯೋ ಅತ್ತ ನೀರು ತಿರುಗಿಸುವ ಬಾಗಿಲುಗಳನ್ನು ಕಂಪ್ಯೂಟರಿಗೆ ವಹಿಸಿದರು. ನದಿಗೆ ಉಕ್ಕುತ್ತಿದ್ದ ಕೊಳಚೆ ಬಹಳ ಕಡಿಮೆಯಾಯಿತು. ಒಳ್ಳೆಯ ಕೆಲಸ. ಆದರೆ ಅದು ಫಲಿಸಿದ್ದು ಅಲ್ಲಿ ಕೊಳವೆಗಳು ಒಂದಕ್ಕೊಂದು ಸೇರಿದ್ದರಿಂದ, ಅವುಗಳಲ್ಲಿ ಖಾಲಿ ಜಾಗವಿದ್ದುದರಿಂದ. ಒಳಚರಂಡಿ ಒಡೆದು ರಾಜಕಾಲುವೆಗೆ ಸೇರುವ ನಮ್ಮಲ್ಲಿ ತಿರುಗಿಸಲು ಬಾಗಿಲೇ ಇಲ್ಲ. ಮೊದಲು ಕೊಳವೆ, ಆಮೇಲೆ ಕಂಪ್ಯೂಟರು.

ಹಾಗಾದರೆ ನಮಗೆ ಒದಗುವ ಉಪಯೋಗ ಯಾವುದು? ಇಂಗ್ಲೆಂಡಿನ ಪೀಟರ್ ಹ್ಯಾಮಂಡ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ನನ್ನ ವಿದ್ಯಾರ್ಥಿಗಳಿಗೆಲ್ಲ ಓದಿಸುತ್ತೇನೆ. ಅವರು ಬಿಒಡಿಯನ್ನು ಮುಟ್ಟಲೇ ಇಲ್ಲ. ಕೊಳಚೆ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನ ಪ್ರಮಾಣವನ್ನು 15 ನಿಮಿಷಕ್ಕೊಮ್ಮೆ ದಾಖಲಿಸಿದ ಅಂಕಿಗಳಿದ್ದವು. ಆ ಅಂಕಿಗಳು ದಿನವೊಂದಕ್ಕೆ ಬರೆಯುವ ಗೆರೆಯ ಆಕಾರವನ್ನು ಯಂತ್ರಕ್ಕೆ ಕಲಿಸಿದರು. ಜನ ಬೆಳಿಗ್ಗೆ ಎದ್ದು ಸ್ನಾನ ಮಾಡುತ್ತಾರೆ, ಗೆರೆ ಏರುತ್ತದೆ, ಸಂಜೆ ಮತ್ತೆ ಏರುತ್ತದೆ, ನಡುರಾತ್ರಿ ಇಳಿಯುತ್ತದೆ. ಕೊಳಚೆಯನ್ನು ಶುದ್ಧೀಕರಿಸದೆ ಪಕ್ಕದಿಂದ ಹೊಳೆಗೆ ಬಿಟ್ಟ ದಿನ ಈ ಆಕಾರ ಕೆಡುತ್ತದೆ. ಎರಡು ಘಟಕಗಳ 2009ರಿಂದ 2020ರವರೆಗಿನ ದಾಖಲೆಯಲ್ಲಿ, ಅದುವರೆಗೆ ಯಾರೂ ವರದಿ ಮಾಡದಿದ್ದ 926 ಪ್ರಕರಣಗಳು ಸಿಕ್ಕವು. ಹೊಸ ಸೆನ್ಸರ್ ಒಂದೂ ಬೇಕಾಗಲಿಲ್ಲ. ಬೇಕಾದದ್ದು ದಾಖಲೆ ಮಾತ್ರ.

ಈ ದಾರಿಯೇ ನಮಗೆ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಹರಿವಿನ ಅಂಕಿ ಊಹೆಯಲ್ಲ, ಅಳತೆ. ಒಳಬಂದ ನೀರಿನ ಗೆರೆಯಲ್ಲಿ ಬೆಳಗಿನ ಏರು ಕಾಣುತ್ತಿದ್ದು, ಹೊರಹೋಗುವ ನೀರಿನಲ್ಲಿ ಅದು ಕಾಣೆಯಾದರೆ, ನಡುವೆ ನೀರು ಎಲ್ಲಿಗೆ ಹೋಯಿತೆಂದು ಇಂಜಿನಿಯರನ್ನು ಕೇಳಬಹುದು. ಸೆನ್ಸರ್‌ನ ಪ್ರಾಮಾಣಿಕತೆಯನ್ನೂ ಹೀಗೆಯೇ ಪರೀಕ್ಷಿಸಬಹುದು. ಪಾಚಿಯಿರುವ ನೀರಿನಲ್ಲಿ ಕರಗಿದ ಆಮ್ಲಜನಕ ಮಧ್ಯಾಹ್ನ ಏರಿ ಬೆಳಗಿನ ಜಾವಕ್ಕೆ ಕುಸಿಯುತ್ತದೆ. ಹಗಲೂ ರಾತ್ರಿ ಒಂದೇ ಅಂಕಿ ತೋರಿಸುವ ಸೆನ್ಸರ್ ಒಂದೋ ಕೆಟ್ಟಿದೆ, ಇಲ್ಲವೇ ಅದನ್ನು ಬಕೆಟ್ಟಿನ ಶುದ್ಧ ನೀರಿನಲ್ಲಿ ಅದ್ದಿಟ್ಟಿದ್ದಾರೆ. ಯಂತ್ರ ಬೆರಳು ತೋರಿಸಿದ ರಾತ್ರಿ, ತೋರಿಸಿದ ಜಾಗಕ್ಕೆ, ಮೊಹರಿನ ಬಾಟಲಿ ಹಿಡಿದ ಅಧಿಕಾರಿ ಹೋಗಲಿ. ಆಗ 21ನೇ ಕಲಮಿಗೂ ಜೀವ ಬರುತ್ತದೆ.

ಇದು ನಗರದವರ ಪ್ರಶ್ನೆ ಮಾತ್ರವಲ್ಲ. ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಾಗ ವಿಷಯ ಹೈಕೋರ್ಟಿನವರೆಗೆ ಹೋಯಿತು. ಆ ಕೆರೆಗಳ ಕೆಳಗೆ ಬೋರ್‌ವೆಲ್ ನೀರು ಕುಡಿಯುವ ರೈತರಿಗೆ ಘಟಕದಲ್ಲಿ ನಿನ್ನೆ ರಾತ್ರಿ ಏನಾಯಿತೆಂದು ತಿಳಿಯುವ ಹಕ್ಕಿದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ 17 ಬಗೆಯ ಹೆಚ್ಚು ಮಾಲಿನ್ಯಕಾರಿ ಉದ್ಯಮಗಳಿಗೆ ನಿರಂತರ ಮಾಪನ ಉಪಕರಣ ಅಳವಡಿಸಲು ಸೂಚಿಸಿತು. ನಿರಂತರ ಅಳತೆ ನಮಗೆ ಹೊಸದಲ್ಲ, ಹಾಗಾಗಿ ನನ್ನ ಕೋರಿಕೆ ದೊಡ್ಡದಲ್ಲ. ರಾಜ್ಯದ ಪ್ರತಿಯೊಂದು ಕೊಳಚೆ ನೀರು ಶುದ್ಧೀಕರಣ ಘಟಕದ ಒಳಹರಿವು, ಹೊರಹರಿವಿನ 15 ನಿಮಿಷಗಳ ಅಂಕಿಗಳನ್ನು, ತಿದ್ದದೆ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸರ್ಕಾರ ಪ್ರಕಟಿಸಲಿ. ಈ ಸಭೆಯಲ್ಲಿರುವ ಮಂಡಳಿಯ ಅಧಿಕಾರಿಗಳು ಒಂದೇ ಒಂದು ಘಟಕದಿಂದಾದರೂ ಇದನ್ನು ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಂಕಿಗಳನ್ನು ಓದಿಕೊಡುವ ಕೆಲಸವನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳು ಯಾವ ಶುಲ್ಕವೂ ಇಲ್ಲದೆ ಮಾಡುತ್ತಾರೆ.