ಬೇರಿಗೆ ಜಾಗ ಬಿಟ್ಟ ಕಾಂಕ್ರೀಟು

ಮಕ್ಕಳೇ, ಮುಂಬೈಯ ಮಾಟುಂಗ, ದಾದರ್, ಗಿರ್ಗಾಂವ್ ಕಡೆಯ ಹಳೆಯ ಕಟ್ಟಡಗಳನ್ನು ಒಮ್ಮೆ ತಲೆಯೆತ್ತಿ ನೋಡಿ. ಯಾವುದೋ ಮಹಡಿಯ ಸಜ್ಜದ ಮೇಲೋ ಮಳೆನೀರಿನ ಪೈಪಿನ ಪಕ್ಕದಲ್ಲೋ ಅರಳಿ ಗಿಡವೊಂದು ಹಾಯಾಗಿ ಎಲೆ ಅಲ್ಲಾಡಿಸುತ್ತಿರುತ್ತದೆ. ಹಣ್ಣು ತಿಂದ ಹಕ್ಕಿ ಹಿಕ್ಕೆಯ ಜೊತೆ ಬೀಜ ಬಿಟ್ಟುಹೋಗಿರುತ್ತದೆ, ಅಷ್ಟೇ. ಅದೇ ಬೀಜ ಹೊಸ ಕಾಂಕ್ರೀಟ್ ರಸ್ತೆಯ ಮೇಲೆ ಬಿದ್ದರೆ ಮಾತ್ರ ಬದುಕುವುದಿಲ್ಲ. ಯಾಕಿರಬಹುದು?

ಮೊದಲನೆಯದಾಗಿ, ಅಲ್ಲಿ ಬೇರಿಗೆ ಜಾಗವೇ ಇಲ್ಲ. ಒಂದು ಲೀಟರ್ ಹಿಡಿಯುವ ಡಬ್ಬದ ತುಂಬ ಒಂದೇ ಗಾತ್ರದ ಜಲ್ಲಿ ಹಾಕಿ, ಮೇಲಿನಿಂದ ನೀರು ಸುರಿದು ಅಳೆಯಿರಿ. ತುಂಬಿದ ಡಬ್ಬವೂ ಸುಮಾರು 400 ಮಿಲಿಲೀಟರ್ ನೀರು ಕುಡಿಯುತ್ತದೆ! ಈಗ ನೀರು ಚೆಲ್ಲಿ, ಜಲ್ಲಿ ಒಣಗಿಸಿ, ಸಂದಿಗಳಿಗೆಲ್ಲ ಮರಳು ಇಳಿಯುವಂತೆ ಅಲ್ಲಾಡಿಸಿ ಮತ್ತೆ ಅಳೆಯಿರಿ. ಈ ಸಲ ಬಹಳ ಕಡಿಮೆ. ಸಾಮಾನ್ಯ ಕಾಂಕ್ರೀಟಿನಲ್ಲಿ ಮರಳಿನ ನಡುವೆ ಉಳಿದ ಸಂದಿಯನ್ನೂ ಸಿಮೆಂಟು ಮುಚ್ಚಿಬಿಡುತ್ತದೆ.

ಹಾಗಾದರೆ ಮರಳನ್ನೇ ಬಿಟ್ಟರೆ? ಮಂಡಕ್ಕಿ ಉಂಡೆ ಕಟ್ಟುವುದನ್ನು ನೋಡಿದವರಿಗೆ ಇದು ಗೊತ್ತು: ಬೆಲ್ಲದ ಪಾಕ ಪ್ರತಿ ಕಾಳಿಗೂ ಅಂಟುತ್ತದೆ, ಕಾಳುಗಳ ನಡುವಿನ ಜಾಗ ಮಾತ್ರ ಖಾಲಿ ಉಳಿಯುತ್ತದೆ. ಗಿಡ ಬೆಳೆಸಲೆಂದೇ ಹೀಗೆ ಮರಳಿಲ್ಲದೆ ಮಾಡುವ ಕಾಂಕ್ರೀಟಿನಲ್ಲಿ ಜಲ್ಲಿಯೇ ಮಂಡಕ್ಕಿ, ಸಿಮೆಂಟೇ ಪಾಕ. ಪಾಕ ತೀರಾ ನೀರಾದರೆ ಎಲ್ಲ ತಳಕ್ಕೆ ಇಳಿದು ಅಡಿಭಾಗ ಮುಚ್ಚಿಹೋಗುತ್ತದೆ. ಒಳಗೆ ಸುಮಾರು ಕಾಲು ಭಾಗ ಖಾಲಿ ಇರಬೇಕು, ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿರಬೇಕು. ಸುತ್ತ ಮುಚ್ಚಿದ ರಂಧ್ರದಿಂದ ಬೇರಿಗೇನು ಲಾಭ?

ಆದರೆ ಖಾಲಿ ಜಾಗ ಪುಕ್ಕಟೆ ಸಿಗುವುದಿಲ್ಲ. ಕಾಂಕ್ರೀಟಿನ ಬಲ ನೋಡಲು 15 ಸೆಂಟಿಮೀಟರಿನ ಘನಾಕೃತಿ ಮಾಡಿ, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತುತ್ತಾರೆ. ರಸ್ತೆಗೆ ಹಾಕುವ ಎಂ-40 (ಪ್ರತಿ ಚದರ ಮಿಲಿಮೀಟರಿಗೆ 40 ನ್ಯೂಟನ್ ತಾಳುವ) ಕಾಂಕ್ರೀಟು ಸುಮಾರು 90 ಟನ್ ಭಾರದವರೆಗೆ ತಡೆಯುತ್ತದೆ. ಪ್ರತಿ ಚದರ ಮಿಲಿಮೀಟರಿಗೆ 10 ನ್ಯೂಟನ್ ತಾಳುವ ರಂಧ್ರಭರಿತ ಕಾಂಕ್ರೀಟಾದರೆ 23 ಟನ್ನಿಗೇ ಪುಡಿಯಾಗುತ್ತದೆ. ಅದರಲ್ಲಿ ಜಲ್ಲಿಗೆ ಜಲ್ಲಿ ತಾಗುವ ಪುಟ್ಟ ಪುಟ್ಟ ಜಾಗಗಳಷ್ಟೇ ಭಾರ ಹೊರುತ್ತವೆ. ಸಣ್ಣ ಜಲ್ಲಿ ಹಾಕಿದರೆ ತಾಗುವ ಜಾಗ ಹೆಚ್ಚಿ ಬಲವೂ ಹೆಚ್ಚುತ್ತದೆ, ಆದರೆ ಸಂದಿಗಳು ಕಿರಿದಾಗಿ ಬೇರು ತೂರುವುದು ಕಷ್ಟ. ಎರಡೂ ಪೂರ್ತಿ ಸಿಗುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಸ್ವಾರಸ್ಯವೇ ಈ ಚೌಕಾಶಿ.

ಬೀಜ ಬದುಕದಿರಲು ಇನ್ನೊಂದು ಕಾರಣ ಕ್ಷಾರ. ಹೊಸ ಕಾಂಕ್ರೀಟಿನೊಳಗಿನ ನೀರಿನ ಪಿಎಚ್ 12ರಿಂದ 13. ಹೆಚ್ಚಿನ ಗಿಡಗಳಿಗೆ 6ರಿಂದ 7ರ ಆಸುಪಾಸು ಹಿತ. ಹಳೆಯ ಗೋಡೆ ಎಷ್ಟೋ ವರ್ಷ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಹೀರಿ ಸೌಮ್ಯವಾಗಿರುತ್ತದೆ, ಬಿರುಕಿನಲ್ಲಿ ದೂಳೂ ಕೂತಿರುತ್ತದೆ. ಅರಳಿಯ ಗುಟ್ಟು ಇದೇ. ಅಷ್ಟು ವರ್ಷ ಕಾಯಲಾಗದ ಎಂಜಿನಿಯರರು ಸಿಮೆಂಟಿನ ಒಂದು ಪಾಲಿನ ಬದಲು ಹಾರುಬೂದಿಯನ್ನೋ ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿಯನ್ನೋ ಬೆರೆಸಿ ಕ್ಷಾರ ತಗ್ಗಿಸುತ್ತಾರೆ. ಆಮೇಲೆ ಸಂದಿಗಳಿಗೆ ಮಣ್ಣು, ಗೊಬ್ಬರ ಇಳಿಸಿ ಹುಲ್ಲು ಬಿತ್ತುತ್ತಾರೆ. ಅರಳಿ ಬೇಡವೇ ಬೇಡ! ಅದರ ಬೇರು ದಪ್ಪವಾದರೆ ಗೋಡೆಯನ್ನೇ ಸೀಳುತ್ತದೆ.

ಲಾರಿ ಓಡುವ ರಸ್ತೆಗೆ ಈ ಕಾಂಕ್ರೀಟು ಹೇಳಿದ್ದಲ್ಲ. ಇಳಿಜಾರಿನ ಮೇಲ್ಮೈಗೆ, ನದಿ ದಂಡೆಗೆ ಸರಿ. 2020ರ ಆಗಸ್ಟಿನ ಜಡಿಮಳೆಯಲ್ಲಿ ಮಲಬಾರ್ ಹಿಲ್‌ನ ಬಿ. ಜಿ. ಖೇರ್ ಮಾರ್ಗದ ಪಕ್ಕದ ಇಳಿಜಾರು ಕುಸಿದು, ಮರಗಳೂ ಉರುಳಿದವು. ಗುಡ್ಡದೊಳಗೆ ಇಂಗಿದ ನೀರು ಹೊರಬರಲು ದಾರಿ ಸಿಗದಿದ್ದರೆ ತಡೆಗೋಡೆಯನ್ನು ಒಳಗಿನಿಂದ ತಳ್ಳುತ್ತದೆ. ರಂಧ್ರಗಳಿದ್ದರೆ ನೀರು ಜಿನುಗಿ ಹೋಗುತ್ತದೆ, ಹುಲ್ಲಿನ ಬೇರು ಮೇಲ್ಮಣ್ಣನ್ನು ಹಿಡಿಯುತ್ತದೆ. ಆದರೂ ಕುಸಿಯುವ ಗುಡ್ಡವನ್ನು ಇದೊಂದೇ ತಡೆಯಲಾರದು. ಬಲವಾದ ಗೋಡೆ ಬೇರೆಯೇ ಬೇಕು.

ಇನ್ನೊಂದು ತೊಡಕೂ ಇದೆ: ಮುಂಬೈಯಲ್ಲಿ ಮಳೆಗಾಲ ಮುಗಿದರೆ ಮುಂದಿನ ಜೂನ್‌ವರೆಗೆ ಹನಿ ಬೀಳುವುದೇ ಅಪರೂಪ. ರಂಧ್ರದಲ್ಲಿ ತುಂಬಿದ ಮಣ್ಣು ಬೇಗ ಒಣಗುತ್ತದೆ. ಹಾಗಾಗಿ ಜೂನ್‌ನಲ್ಲಿ ಬಿತ್ತಿದ ಹುಲ್ಲು ಸೆಪ್ಟೆಂಬರಿನೊಳಗೆ ಆ ಕಾಂಕ್ರೀಟನ್ನು ದಾಟಿ, ಅಡಿಯ ಮಣ್ಣಿಗೆ ಬೇರು ಮುಟ್ಟಿಸಬೇಕು. ಇಲ್ಲದಿದ್ದರೆ ಮೇ ತಿಂಗಳವರೆಗೂ ಯಾರಾದರೂ ನೀರು ಹಾಕುತ್ತಲೇ ಇರಬೇಕು.