ಹಿಮವಿಲ್ಲದ ಬೆಟ್ಟದ ಹಿಮ



ಹಿಮಾಲಯದಲ್ಲಿ ಚಳಿಗಾಲದಲ್ಲಿ ಬಿದ್ದ ಹಿಮವು ಅಲ್ಲಿಯೇ ನಿಂತು, ಬೇಸಿಗೆಯಲ್ಲಿ ಕರಗಿ, ಸಿಂಧುವಿನಂಥ ನದಿಗಳನ್ನು ತುಂಬುತ್ತದೆ. ಭೂಮಿಯ ಬಿಸಿ ಏರಿದಂತೆ ಅದು ಕಾಲಕ್ಕೆ ಮುನ್ನವೇ ಕರಗತೊಡಗಿದೆ. ಹಿಮವಾಗಿ ಬೀಳಬೇಕಾದದ್ದರಲ್ಲಿ ಒಂದು ಪಾಲು ಮಳೆಯಾಗಿ ಬಿದ್ದು ಕೂಡಲೇ ಹರಿದುಹೋಗುತ್ತಿದೆ.

ಸುಂಕದಕಟ್ಟೆಯಲ್ಲಿ ಈ ಮಾತೇಕೆ ಎನ್ನಬಹುದು. ಇಲ್ಲಿಯ ಮಾಗಡಿ ರಸ್ತೆಯನ್ನೇ ಹಿಡಿದು ಪಶ್ಚಿಮಕ್ಕೆ ಸಾಗಿದರೆ, ಬೆಂಗಳೂರಿಗೆ ನೀರುಣಿಸಲೆಂದು 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ದೊರೆಯುತ್ತದೆ. ನಂದಿಬೆಟ್ಟದ ಅರ್ಕಾವತಿಯೂ ಶಿವಗಂಗೆಯ ಕುಮುದ್ವತಿಯೂ ಅಲ್ಲಿ ಕೂಡುತ್ತವೆ. ಈ ಬೆಟ್ಟಗಳ ಮೇಲೆ ಹಿಮವಿಲ್ಲ. ಮಳೆನೀರನ್ನು ಹಿಡಿದಿಟ್ಟು ಮಳೆಗಾಲ ಕಳೆದ ಮೇಲೂ ಹಳ್ಳಗಳಿಗೆ ಒಸರಿಸುತ್ತಿದ್ದುದು ಮಣ್ಣು ಮತ್ತು ಅದರಡಿಯ ಶಿಥಿಲಶಿಲೆ. ಅರ್ಕಾವತಿಗೆ ಅದೇ ಹಿಮ.

ಜಲಾಶಯದ ಒಳಹರಿವು ಕುಸಿದಾಗ ಜನ ಮಳೆಯನ್ನು ದೂರಿದರು. ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಳೆಗಿಂತಲೂ ಕೊಳವೆಬಾವಿಗಳೂ ನೀಲಗಿರಿ ತೋಪುಗಳೂ ಹೆಚ್ಚು ಸಂಭವನೀಯ ಕಾರಣಗಳಾಗಿ ಕಂಡವು. ಹಳ್ಳಗಳಿಗೆ ಅಡ್ಡಗಟ್ಟಿದ ಕಟ್ಟೆಗಳ ಪಾಲೂ ಸ್ವಲ್ಪ ಇತ್ತು. ಹೊಸ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ತಡವಾದರೂ ಸರಿಯಾದ ಕ್ರಮ. ಕೊಳವೆಬಾವಿಯ ಮಾತು ಅಷ್ಟು ಸುಲಭವಲ್ಲ. ಅದರಿಂದಲೇ ಬದುಕುವ ರೈತನಿಗೆ ಮುಚ್ಚೆಂದು ಹೇಳುವುದು ನ್ಯಾಯವೂ ಅಲ್ಲ.

ಕರಗುವ ಹಿಮವನ್ನು ಉಪಗ್ರಹವು ಮೇಲಿನಿಂದ ನೋಡುತ್ತದೆ. ಊರ ಬಾವಿಯ ಮಟ್ಟವನ್ನು ಊರವರೇ ನೋಡಬೇಕು. ಶಾಲೆಯ ಮಕ್ಕಳು ಹಗ್ಗಕ್ಕೆ ಕಲ್ಲು ಕಟ್ಟಿ, ದೊಡ್ಡವರ ಜೊತೆಯಲ್ಲಿ, ಪ್ರತಿ ಹುಣ್ಣಿಮೆಯಂದು ಬಾವಿಯ ದಂಡೆಯಿಂದ ನೀರಿನವರೆಗೆ ಅಳೆದು ಬರೆದಿಡಲಿ. ಈ ಕಾರ್ತಿಕದಿಂದಲೇ ಆರಂಭಿಸಬಹುದು.