ಹೆಳವರ ಹೊತ್ತಿಗೆ



ನಿಮ್ಮ ಮುತ್ತಜ್ಜನ ತಂದೆಯ ಹೆಸರು ಗೊತ್ತೇ? ನಮ್ಮಲ್ಲಿ ಬಹಳಷ್ಟು ಜನ ಅಜ್ಜನ ಹೆಸರಿಗೇ ನಿಂತುಬಿಡುತ್ತೇವೆ. ಉತ್ತರ ಕರ್ನಾಟಕದಲ್ಲಿ ಮನೆತನಗಳ ವಂಶಾವಳಿ ಹೇಳುವ ಹೆಳವರು ಅದರಾಚೆಗೂ ಬಲ್ಲವರು. ಎತ್ತಿನೊಂದಿಗೆ ಊರಿಗೆ ಬಂದು, ಒಕ್ಕಲು ಮನೆಯ ಮುಂದೆ ಕುಳಿತು, ಆ ಮನೆತನದ ಮೂಲ ಊರು, ಬೆಡಗು ಎಂಬ ಕುಲದ ಗುರುತು, ತಲೆತಲಾಂತರದ ಹೆಸರುಗಳನ್ನು ಹೊತ್ತಿಗೆ ಬಿಚ್ಚಿ ಓದುತ್ತಾರೆ. ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನೂ ಸೇರಿಸಿಕೊಳ್ಳುತ್ತಾರೆ. ಮನೆಯವರು ದವಸ, ಬಟ್ಟೆ ಕೊಟ್ಟು ಗೌರವಿಸುತ್ತಾರೆ. ಎಂದೋ ಊರು ಬಿಟ್ಟ ತಮ್ಮನ ಕವಲು ಎಲ್ಲಿ ನೆಲೆಸಿತೆಂಬುದು ಆ ಓದಿನಲ್ಲಿ ತಿಳಿದುಬರುತ್ತದೆ. ಮರೆತುಹೋದ ದಾಯಾದಿಗಳು ಮತ್ತೆ ಸಿಗುತ್ತಾರೆ.

ನಮ್ಮ ಉಲ್ಲಾಳದಲ್ಲಿ ಎಲ್ಲೆಲ್ಲಿಂದಲೋ ಬಂದವರು ಮನೆ ಮಾಡಿದ್ದೇವೆ. ಹೆಳವರ ಹಾಗೆ ನೀವೂ ಈ ಭಾನುವಾರ ಹಿರಿಯರ ಪಕ್ಕ ಕೂತು ಅವರಿಗೆ ನೆನಪಿರುವ ಹೆಸರು, ಊರುಗಳನ್ನು ಬರೆದಿಡಿ. ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ. ದೂರದ ನೆಂಟರಿಗೂ ಫೋನ್ ಮಾಡಿ ಕೇಳಿ. ನಿಮಗೆ ಗೊತ್ತಿಲ್ಲದ ಒಂದು ಹೆಸರು ಅವರ ಬಳಿ ಇರಬಹುದು.